ಫೋನೂ ನಿನ್ನದಿರಲಿ, ನಂಬರೂ ನಿನ್ನದಿರಲಿ

ಮಗಳೇ,

ಡಿಪ್ಲೊಮಾ ಮುಗಿಯುತ್ತಿದ್ದ ಹಾಗೇ ಪೀಣ್ಯದಲ್ಲಿ ಟ್ರೈನಿ ಕೆಲಸ ಸಿಕ್ಕಿತು ಅಂತ ನಿನ್ನಮ್ಮ ಹೇಳಿದ ದಿನದಿಂದ ನಮ್ಮ ಮನೆಯಲ್ಲಿ ಅದೇ ಮಾತು. ನೀನು ಕಳಿಸಿದ ವಾಯ್ಸ್ ಮೆಸೇಜನ್ನೂ ಕೇಳಿಸಿಕೊಂಡೆ. ಇಪ್ಪತ್ತೈದು ಸಾವಿರದ ಫೋನು ಕಂತಿನ ಮೇಲೆ ಕೊಡುತ್ತಾರಂತೆ, ಜೊತೆಗೆ ಪೋಸ್ಟ್‌ಪೇಯ್ಡ್ ಕನೆಕ್ಷನ್ ಮಾಡಿಸಿಕೊಂಡುಬಿಡಲಾ ದೊಡ್ಡಮ್ಮ ಅಂತ ಕೇಳಿದ್ದೀಯ. ಬೇಡ ಕಣಮ್ಮ. ಹತ್ತು ಹನ್ನೆರಡು ಸಾವಿರದೊಳಗಿನ ಫೋನನ್ನು ಪೂರ್ತಿ ದುಡ್ಡು ಕೊಟ್ಟು ತಗೋ, ಅದಕ್ಕೆ ನಿನ್ನದೇ ಹೆಸರಿನ ಪ್ರೀಪೇಯ್ಡ್ ಸಿಮ್ ಹಾಕು. ಬೇಡ ಅಂದು ಸುಮ್ಮನಾದರೆ ನಿನಗೆ ಒಪ್ಪಿಗೆಯಾಗುವುದಿಲ್ಲ ಅಂತ ಗೊತ್ತು. ಹಾಗಾಗಿ ಬರೆಯುತ್ತಿದ್ದೇನೆ.

ನಾನು ಹಾಸನದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಬೋರ್ಡಿನ ಮುಂದೆ ಕೂತು ನೌಕರಿ ಮಾಡಿದವಳು. ಆಗ ಬೆಂಗಳೂರಿಗೆ ಮಾತಾಡಬೇಕಾದರೆ ಕಾಲ್ ಬುಕ್ ಮಾಡಿ ಕಾಯಬೇಕಿತ್ತು. ಮೂರು ನಿಮಿಷ ಆಯಿತು, ಮುಂದುವರಿಸುತ್ತೀರಾ ಅಂತ ನಾವು ಲೈನಿನ ಮಧ್ಯೆ ಬಂದು ಕೇಳುತ್ತಿದ್ದೆವು. ಮನೆಗೆ ಫೋನು ಹಾಕಿಸಿಕೊಳ್ಳಲು ಅರ್ಜಿ ಕೊಟ್ಟು ವರ್ಷಗಟ್ಟಲೆ ಕಾದವರಿದ್ದರು. ಫೋನು ಬಂದ ಮೇಲೆ ಶುರುವಾಗುತ್ತಿದ್ದದ್ದು ಬಿಲ್ಲಿನ ಹೆದರಿಕೆ. ಎರಡು ತಿಂಗಳಿಗೊಮ್ಮೆ ಬರುವ ಬಿಲ್ಲಿನಲ್ಲಿ ಎಷ್ಟಿರುತ್ತದೋ ಯಾರಿಗೂ ಮೊದಲೇ ಗೊತ್ತಿರುತ್ತಿರಲಿಲ್ಲ. ಡಯಲಿನ ತೂತಿಗೆ ಪುಟ್ಟ ಬೀಗ ಹಾಕಿ, ಬೀಗದ ಕೈ ಜೇಬಿನಲ್ಲಿಟ್ಟುಕೊಂಡು ಕೆಲಸಕ್ಕೆ ಹೋಗುವ ಯಜಮಾನರಿದ್ದರು. ಮನೆಯಲ್ಲಿ ಉಳಿದ ಹೆಂಗಸರಿಗೆ ತವರಿನಿಂದ ಬಂದ ಫೋನು ಎತ್ತಬಹುದಿತ್ತು, ತಾವಾಗಿ ಮಾಡುವ ಹಾಗಿರಲಿಲ್ಲ.

1995ರ ಜುಲೈ 31ರಂದು ಕಲ್ಕತ್ತೆಯಿಂದ ಆಗಿನ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ದೆಹಲಿಯಲ್ಲಿದ್ದ ಕೇಂದ್ರ ದೂರಸಂಪರ್ಕ ಮಂತ್ರಿ ಸುಖರಾಂ ಅವರಿಗೆ ದೇಶದ ಮೊದಲ ಮೊಬೈಲ್ ಕರೆ ಮಾಡಿದರು. ಆಮೇಲೂ ಎಷ್ಟೋ ವರ್ಷ ಮೊಬೈಲು ಉಳ್ಳವರ ವಸ್ತುವಾಗಿಯೇ ಇತ್ತು, ಏಕೆಂದರೆ ಒಳಬರುವ ಕರೆಗೂ ದುಡ್ಡು ಕೊಡಬೇಕಿತ್ತು. ಅದು ನಿಂತದ್ದು 2003ರ ಮೇ ತಿಂಗಳಲ್ಲಿ. ಅದರ ಜೊತೆಗೆ ಉಜ್ಜಿ ನಂಬರ್ ಒತ್ತುವ ರೀಚಾರ್ಜ್ ಕಾರ್ಡು ಗೂಡಂಗಡಿಗಳಿಗೂ ಬಂತು. ತರಕಾರಿ ಮಾರುವವಳು, ಗಾರೆ ಕೆಲಸದವನು, ಆಟೊದವನು ಎಲ್ಲರೂ ತಮ್ಮ ಕೈಯಲ್ಲಿದ್ದಷ್ಟು ದುಡ್ಡಿಗೆ ಮಾತು ಕೊಂಡುಕೊಂಡರು. ಸಂಬಳದ ಚೀಟಿ ಕೇಳಲಿಲ್ಲ, ಠೇವಣಿ ಕೇಳಲಿಲ್ಲ, ಇಷ್ಟು ವರ್ಷ ಇರುತ್ತೇನೆ ಅಂತ ಬರೆಸಿಕೊಳ್ಳಲಿಲ್ಲ. ಇವತ್ತಿಗೂ ನಮ್ಮ ದೇಶದಲ್ಲಿ ಹತ್ತು ಮೊಬೈಲುಗಳಲ್ಲಿ ಒಂಬತ್ತರಷ್ಟು ಪ್ರೀಪೇಯ್ಡ್ ಇವೆ. ಪ್ರೀಪೇಯ್ಡ್ ಅಂದರೆ ಏನೋ ಕಡಿಮೆ ದರ್ಜೆಯದು ಅಂತ ನಿನ್ನ ಗೆಳತಿಯರು ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡ. ಈ ದೇಶದ ಬಡವರ ಕೈಗೆ ಫೋನು ತಂದುಕೊಟ್ಟದ್ದು ಅದೇ.

ಒಂದೇ ಕಂಪನಿಗೆ ಕಟ್ಟಿಹಾಕುವ ಕರಾರಿನ ಫೋನು ನಮ್ಮಲ್ಲೂ ಬಂದು ಹೋಗಿದೆ. 2003ರ ಮಳೆಗಾಲದಲ್ಲಿ ರಿಲಯನ್ಸ್‌ನವರು ಮಾನ್ಸೂನ್ ಹಂಗಾಮಾ ಅಂತ ಒಂದು ಯೋಜನೆ ತಂದರು. 501 ರೂಪಾಯಿ ಕೊಟ್ಟರೆ ಫೋನು ಕೈಗೆ, ಮಿಕ್ಕದ್ದು ತಿಂಗಳ ಬಿಲ್ಲಿನಲ್ಲಿ. ಜನ ಮುಗಿಬಿದ್ದು ತಗೊಂಡರು. ಆ ಸಿಡಿಎಂಎ ತಂತ್ರಜ್ಞಾನದ ಫೋನುಗಳಿಗೆ ಬೇರೆ ಕಂಪನಿಯ ಸಿಮ್ ಹಾಕುವ ಹಾಗಿರಲಿಲ್ಲ, ಅದೇ ನಂಬರನ್ನು ಬೇರೆ ಕಡೆಗೆ ಒಯ್ಯುವ ವ್ಯವಸ್ಥೆಯೂ ಆಗ ಇರಲಿಲ್ಲ. ನಿನಗೆ ಈಗ ಎರಡೂ ಅನುಕೂಲ ಇವೆ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸ್ಮಾರ್ಟ್‌ಫೋನಿಗೆ ಯಾವ ಕಂಪನಿಯ ಸಿಮ್ಮಾದರೂ ಆಗುತ್ತದೆ. 2011ರ ಜನವರಿ 20ರಿಂದ ದೇಶದಾದ್ಯಂತ ನಂಬರ್ ಉಳಿಸಿಕೊಂಡೇ ಕಂಪನಿ ಬದಲಿಸಬಹುದಾಗಿದೆ. ಪೋರ್ಟ್ ಅಂತ ಬರೆದು, ಜಾಗ ಬಿಟ್ಟು ನಿನ್ನ ನಂಬರ್ ಹಾಕಿ 1900ಕ್ಕೆ ಮೆಸೇಜ್ ಕಳಿಸಿದರೆ ಒಂದು ಕೋಡ್ ಬರುತ್ತದೆ. ಅದನ್ನು ತಗೊಂಡು ಹೊಸ ಕಂಪನಿಯ ಅಂಗಡಿಗೆ ಹೋದರೆ ಆಯಿತು. ಈಗಿರುವ ಕಂಪನಿಯಲ್ಲಿ 90 ದಿನ ಕಳೆದಿರಬೇಕು, ಅಷ್ಟೇ. ಪೋಸ್ಟ್‌ಪೇಯ್ಡ್ ಆದರೆ ಬಾಕಿ ಬಿಲ್ ತೀರಿಸುವವರೆಗೆ ಕೋಡೇ ಬರುವುದಿಲ್ಲ. ಪ್ರೀಪೇಯ್ಡಿನವರಿಗೆ ಬಾಕಿ ಅನ್ನುವುದೇ ಇಲ್ಲವಲ್ಲ. ನಿನ್ನ ಪಿಜಿ ರೂಮಿನಲ್ಲಿ ಸಿಗ್ನಲ್ ಬರದಿದ್ದರೆ, ಆ 90 ದಿನ ದಾಟಿದ್ದರೆ ಸಾಕು, ಆ ತಿಂಗಳ ಪ್ಯಾಕ್ ಮುಗಿಯುವ ಹೊತ್ತಿಗೆ ಹೊರಟುಬಿಡಬಹುದು. ಇದನ್ನೇ ನಾನು ಎಲ್ಲಕ್ಕಿಂತ ದೊಡ್ಡ ಲಾಭ ಅನ್ನುವುದು.

ಇನ್ನು ಕಂತಿನ ಮಾತು. ಮೊಬೈಲ್ ಅಂಗಡಿಯ ಮೂಲೆಯಲ್ಲಿ ಫೈನಾನ್ಸ್ ಕಂಪನಿಯ ಹುಡುಗನೊಬ್ಬ ಟ್ಯಾಬ್ ಹಿಡಿದುಕೊಂಡು ಕೂತಿರುತ್ತಾನೆ. ಹತ್ತು ನಿಮಿಷದಲ್ಲಿ ಆಧಾರ್, ಪ್ಯಾನ್, ಬ್ಯಾಂಕ್ ಖಾತೆ ಎಲ್ಲ ತಗೊಂಡು ಸಾಲ ಮಂಜೂರು ಮಾಡಿಬಿಡುತ್ತಾನೆ. ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನೂ ಟಾರ್ಗೆಟ್ ಮುಟ್ಟಬೇಕಾದ ಹುಡುಗ. ಆದರೆ ಜೀರೋ ಬಡ್ಡಿ ಅನ್ನುವ ಕಂತಿನಲ್ಲೂ ಪ್ರೊಸೆಸಿಂಗ್ ಫೀಸು, ಅದರ ಮೇಲೆ ಜಿಎಸ್‌ಟಿ, ಕೆಲವು ಕಡೆ ಕೇಳದೇ ಸೇರಿಸಿದ ಇನ್ಶೂರೆನ್ಸು ಇರುತ್ತವೆ. ಪೂರ್ತಿ ದುಡ್ಡು ಕೊಡುವವರಿಗೆ ಬಿಡುವ ರಿಯಾಯಿತಿ ಕಂತಿನವರಿಗೆ ಬಿಡದಿರುವುದೂ ಉಂಟು. ನಿನಗೆ ಮೊದಲ ಸಂಬಳ ಕೈಗೆ ಬರುವುದು ಸೇರಿದ ಮುಂದಿನ ತಿಂಗಳು. ಪಿಜಿಗೆ ಅಡ್ವಾನ್ಸ್ ಕೊಡಬೇಕು, ಬಸ್ ಪಾಸು ಮಾಡಿಸಬೇಕು, ಯೂನಿಫಾರ್ಮ್ ಶೂ ತಗೋಬೇಕು. ಕಂತಿನ ತಾರೀಖು ಇದಾವುದನ್ನೂ ಕೇಳುವುದಿಲ್ಲ. ಆ ದಿನ ಖಾತೆಯಲ್ಲಿ ದುಡ್ಡಿಲ್ಲದಿದ್ದರೆ ಸಾಲ ಕೊಟ್ಟವರದೊಂದು ದಂಡ, ಬ್ಯಾಂಕಿನದು ಇನ್ನೊಂದು ದಂಡ. ತಪ್ಪಿದ ಕಂತು ನಿನ್ನ ಸಾಲಗಳ ಲೆಕ್ಕ ಇಡುವ ಸಿಬಿಲ್ ದಾಖಲೆಗೂ ಹೋಗುತ್ತದೆ. ಮುಂದೆ ನೀನು ಬಿ.ಇ. ಮಾಡಲು ಹೊರಟು ಸಾಲ ಕೇಳಿದಾಗ ಬ್ಯಾಂಕಿನವರು ಮೊದಲು ನೋಡುವುದು ಅದನ್ನೇ. ಒಂದು ಫೋನಿಗಾಗಿ ಆ ದಾಖಲೆ ಕೆಡುವುದು ನನಗೆ ಸಹಿಸುವ ವಿಷಯವಲ್ಲ.

ಇಷ್ಟರ ಮೇಲೂ ಎಂದಾದರೂ ಕಂತಿನ ಸಾಲ ಮಾಡಲೇಬೇಕಾಗಿ ಬಂದರೆ ಒಂದು ಕಾಗದ ಕೇಳಿ ತಗೋ. 2024ರ ಅಕ್ಟೋಬರ್ 1ರಿಂದ ಇಂಥ ಸಾಲಗಳಿಗೆಲ್ಲ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಕೊಡಲೇಬೇಕು ಅಂತ ರಿಸರ್ವ್ ಬ್ಯಾಂಕಿನ ಕಟ್ಟಪ್ಪಣೆ ಇದೆ. ಫೀಸುಗಳನ್ನೆಲ್ಲ ಸೇರಿಸಿ ವರ್ಷಕ್ಕೆ ನಿಜವಾಗಿ ಎಷ್ಟು ಬಡ್ಡಿ ಬೀಳುತ್ತದೆ ಅನ್ನುವುದು ಅದರಲ್ಲಿರುತ್ತದೆ. ಅದನ್ನು ಓದದೆ ಓಟಿಪಿ ಹೇಳಬೇಡ.

ಸದ್ಯಕ್ಕೆ ನಿನ್ನ ಅಣ್ಣ ಬಿಟ್ಟ ಹಳೇ ಫೋನು ಇದೆಯಲ್ಲ, ಅದನ್ನೇ ನಾಲ್ಕೈದು ತಿಂಗಳು ಇಟ್ಟುಕೋ. ಕಂತು ಅಂತ ಕಟ್ಟುತ್ತಿದ್ದ ದುಡ್ಡನ್ನೇ ಸಂಬಳ ಬಂದ ದಿನ ಪೋಸ್ಟಾಫೀಸಿನ ಖಾತೆಗೆ ಹಾಕುತ್ತಾ ಹೋಗು. ಫೋನಿನ ದುಡ್ಡು ಕೂಡುತ್ತದೆ. ಅಷ್ಟರಲ್ಲಿ ನಿನಗೆ ಫೋನಿನಿಂದ ನಿಜಕ್ಕೂ ಏನು ಬೇಕು ಅನ್ನುವುದೂ ಗೊತ್ತಾಗಿರುತ್ತದೆ.

ಕೊಳ್ಳುವಾಗ ಕ್ಯಾಮೆರಾದ ಮೆಗಾಪಿಕ್ಸೆಲ್ ಎಣಿಸಬೇಡ. ಸೆಕ್ಯೂರಿಟಿ ಅಪ್‌ಡೇಟ್ ಎಷ್ಟು ವರ್ಷ ಕೊಡುತ್ತಾರೆ ಅಂತ ಕೇಳು. ನಿನ್ನ ಬ್ಯಾಂಕು, ಯುಪಿಐ ಎಲ್ಲ ಅದರಲ್ಲೇ ಇರುವುದರಿಂದ ಕಳ್ಳರು ನುಗ್ಗುವ ಕಿಂಡಿಗಳನ್ನು ಕಂಪನಿ ಕಾಲಕಾಲಕ್ಕೆ ಮುಚ್ಚುತ್ತಿರಬೇಕು. ಎರಡು ವರ್ಷದ ಹಿಂದೆ ಬಂದ ಮಾಡೆಲನ್ನು ಈಗ ಅಗ್ಗಕ್ಕೆ ಕೊಟ್ಟರೆ ಅದರ ಅಪ್‌ಡೇಟಿನ ಅವಧಿಯಲ್ಲೂ ಎರಡು ವರ್ಷ ಕಳೆದಿರುತ್ತದೆ. ಅಂಗಡಿಯಲ್ಲೇ ಸೆಟ್ಟಿಂಗ್ಸ್ ತೆರೆದು ಕೊನೆಯ ಅಪ್‌ಡೇಟಿನ ತಾರೀಖು ನೋಡು. ಸ್ಟೋರೇಜ್ 128 ಜಿಬಿ ಇರಲಿ. ಕಡಿಮೆ ಇದ್ದರೆ ವಾಟ್ಸಾಪ್ ಫೋಟೋಗಳಿಗೇ ತುಂಬಿಹೋಗಿ ಫೋನು ನಿಧಾನವಾಗುತ್ತದೆ. ಸರ್ವಿಸ್ ಸೆಂಟರ್ ಬೆಂಗಳೂರಿನಲ್ಲಿ ನಿನಗೆ ಹತ್ತಿರ ಎಲ್ಲಿದೆ ತಿಳಿದುಕೋ. ಒಂದು ಕಂಪನಿಯ ಸಿಮ್ಮಿಗೆ ಮಾತ್ರ ಒಗ್ಗುವ ಫೋನುಗಳೂ ಕಡಿಮೆ ಬೆಲೆಗೆ ಸಿಗುತ್ತವೆ. ಜಿಯೋಫೋನ್ ಹಾಗೆಯೇ ಇತ್ತು. ಡಬ್ಬಿಯ ಮೇಲೆ ಅಂಥ ಮಾತೇನಾದರೂ ಇದೆಯೇ ಅಂತ ಓದಿಕೋ.

ಎಸ್.ಪಿ. ರೋಡಿನಲ್ಲಿ, ನ್ಯಾಷನಲ್ ಮಾರ್ಕೆಟ್ಟಿನಲ್ಲಿ ಸೆಕೆಂಡ್ ಹ್ಯಾಂಡ್ ಫೋನು ಅರ್ಧ ಬೆಲೆಗೆ ಸಿಗುತ್ತದೆ ಅಂತ ಯಾರಾದರೂ ಕರೆದುಕೊಂಡು ಹೋಗಬಹುದು. ಒಳ್ಳೆಯ ವ್ಯಾಪಾರಿಗಳು ಅಲ್ಲೂ ಇದ್ದಾರೆ, ಆದರೆ ಬಿಲ್ ಕೊಡದವರ ಹತ್ತಿರ ತಗೋಬೇಡ. ಸ್ಟಾರ್ ಹ್ಯಾಷ್ ಸೊನ್ನೆ ಆರು ಹ್ಯಾಷ್, ಅಂದರೆ *#06# ಒತ್ತಿದರೆ ಹದಿನೈದು ಅಂಕಿಯ ಐಎಂಇಐ ಬರುತ್ತದೆ. ಎರಡು ಸಿಮ್ಮಿನ ಫೋನಾದರೆ ಎರಡು ಬರುತ್ತವೆ. ಕೇಂದ್ರ ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ಆ ಅಂಕಿ ಹಾಕಿದರೆ ಅದು ಕಳುವಾಗಿ ಬ್ಲಾಕ್ ಆದ ಫೋನೇ ಅಲ್ಲವೇ ತಿಳಿಯುತ್ತದೆ. ಹೊಸ ಫೋನಿಗೂ ಬಿಲ್ಲಿನ ಮೇಲೆ ಆ ಅಂಕಿ ಬರೆಸಿಕೋ, ಬಿಲ್ಲಿನ ಫೋಟೋ ತೆಗೆದು ನನಗೆ ಕಳಿಸಿಡು. ಪೀಣ್ಯದ ಬಸ್ಸಿನ ನೂಕುನುಗ್ಗಲಿನಲ್ಲಿ ಫೋನು ಹೋದರೆ ಪೊಲೀಸರಿಗೆ ದೂರು ಕೊಟ್ಟು ಅದೇ ಸಂಚಾರ್ ಸಾಥಿಯಲ್ಲಿ ಬ್ಲಾಕ್ ಮಾಡಿಸಬಹುದು. ಆಮೇಲೆ ಬೇರೆಯವರು ಯಾವ ಸಿಮ್ ಹಾಕಿದರೂ ಅದು ನೆಟ್‌ವರ್ಕಿನಲ್ಲಿ ಕೆಲಸ ಮಾಡುವುದಿಲ್ಲ. ಐಎಂಇಐ ಗೊತ್ತಿಲ್ಲದಿದ್ದರೆ ಇದಾವುದೂ ಸುಲಭವಲ್ಲ.

ರೀಚಾರ್ಜಿನ ಲೆಕ್ಕದಲ್ಲಿ ಎಚ್ಚರ ತಪ್ಪುವವರೇ ಹೆಚ್ಚು. ತಿಂಗಳ ಪ್ಯಾಕ್ ಅಂತ ಮಾರುವುದು ಹೆಚ್ಚಾಗಿ 28 ದಿನದ್ದು. ಹಾಗಾಗಿ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಸಲ ಹಾಕಿಸಬೇಕು. ಪ್ಯಾಕ್ 300 ರೂಪಾಯಿದಾದರೆ ಖರ್ಚು 3,600 ಅಲ್ಲ, 3,900. ದುಡ್ಡಿಗಿಂತ ಹೆಚ್ಚು ಕಾಡುವುದು ತಾರೀಖು. ಸಂಬಳ ಏಳಕ್ಕೆ ಬಂತು, ಜನವರಿ 8ಕ್ಕೆ ಹಾಕಿಸಿದೆ ಅಂದುಕೋ. ಅದು ಫೆಬ್ರವರಿ 5, ಮಾರ್ಚ್ 5, ಏಪ್ರಿಲ್ 2 ಅಂತ ಹಿಂದೆ ಸರಿಯುತ್ತಾ ಜೂನ್ ಹೊತ್ತಿಗೆ 25ಕ್ಕೆ ಬಂದು ನಿಲ್ಲುತ್ತದೆ. ತಿಂಗಳ ಕೊನೆ, ಕೈಯಲ್ಲಿ ಕಾಸಿರುವುದಿಲ್ಲ, ಆಗಲೇ ಫೋನು ನಿಲ್ಲುತ್ತದೆ. ಜನ ದೂರಿದ ಮೇಲೆ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ 2022ರಲ್ಲಿ ಒಂದು ನಿಯಮ ಮಾಡಿತು. ಪ್ರತಿ ಕಂಪನಿಯೂ 30 ದಿನದ ಪ್ಯಾಕನ್ನೂ, ಪ್ರತಿ ತಿಂಗಳು ಒಂದೇ ತಾರೀಖಿಗೆ ಹಾಕಿಸಬಹುದಾದ ಪ್ಯಾಕನ್ನೂ ಇಟ್ಟಿರಲೇಬೇಕು. ಆ್ಯಪಿನಲ್ಲಿ ಅದು ಎದುರಿಗೇ ಕಾಣುವ ಹಾಗೆ ಇರುವುದಿಲ್ಲ, ಕೆಳಗೆ ಸರಿಸುತ್ತಾ ಹೋಗಿ ಹುಡುಕು. ಕೈಯಲ್ಲಿ ಒಟ್ಟು ದುಡ್ಡಿರುವಾಗ 84 ದಿನದ್ದೋ 365 ದಿನದ್ದೋ ಹಾಕಿಸುವುದಾದರೆ ದಿನದ ಬೆಲೆ ಎಷ್ಟು ಬೀಳುತ್ತದೆ ಅಂತ ಭಾಗಿಸಿ ನೋಡು. ಆದರೆ ಹೊಸ ಜಾಗದಲ್ಲಿ ಸಿಗ್ನಲ್ ಹೇಗಿದೆ ಅಂತ ತಿಳಿಯುವ ಮುಂಚೆ ವರ್ಷದ ಪ್ಯಾಕ್ ಬೇಡ. ದುಡ್ಡು ಕಟ್ಟಿದ್ದೇವಲ್ಲ ಅಂತ ಸಿಗ್ನಲ್ ಇಲ್ಲದ ಕಂಪನಿಯಲ್ಲೇ ಉಳಿಯಬೇಕಾಗುತ್ತದೆ. ಅದೂ ಒಂದು ಕರಾರೇ.

ಡೇಟಾ ಎಷ್ಟು ಬೇಕು ಅನ್ನುವುದನ್ನು ಫೋನೇ ಲೆಕ್ಕ ಇಟ್ಟಿರುತ್ತದೆ, ಸೆಟ್ಟಿಂಗ್ಸಿನಲ್ಲಿ ನೋಡು. ಕಾರ್ಖಾನೆಯ ಒಳಗೆ ಫೋನು ಲಾಕರಿನಲ್ಲಿಡಬೇಕು ಅಂತ ನೀನೇ ಹೇಳಿದೆ, ಪಿಜಿಯಲ್ಲಿ ವೈಫೈ ಇದೆ ಅಂತಲೂ ಹೇಳಿದೆ. ಹಾಗಿದ್ದರೆ ದಿನಕ್ಕೆ 2 ಜಿಬಿ ಯಾರಿಗಾಗಿ? ಆ ದಿನ ಬಳಸದೆ ಉಳಿದದ್ದು ನಡುರಾತ್ರಿಗೆ ಹೋಗಿಬಿಡುತ್ತದೆ. ಕಡಿಮೆ ಡೇಟಾದ ಪ್ಯಾಕ್ ಹಾಕಿಸಿ, ಬೇಕಾದ ದಿನ ಡೇಟಾ ವೋಚರ್ ಹಾಕಿಕೋ. ಪೋಸ್ಟ್‌ಪೇಯ್ಡಿನಲ್ಲಿ ಉಳಿದ ಡೇಟಾ ಮುಂದಿನ ತಿಂಗಳಿಗೆ ಸೇರುವ ಪ್ಲಾನುಗಳಿವೆ, ಮನೆಯ ನಾಲ್ಕು ಜನ ಒಂದೇ ಬಿಲ್ಲಿನಲ್ಲಿ ಇರುವ ಪ್ಲಾನುಗಳೂ ಇವೆ. ನಿಶ್ಚಿತ ಸಂಬಳ ಇರುವ ಸಂಸಾರಕ್ಕೆ ಅವು ಒಳ್ಳೆಯವೇ. ನಿನಗೆ ಈಗ ಅಲ್ಲ. ಇನ್ನೊಂದು ನೆನಪಿರಲಿ, ಪ್ರೀಪೇಯ್ಡಿನ ಬೆಲೆಯಲ್ಲಿ ಜಿಎಸ್‌ಟಿ ಸೇರಿರುತ್ತದೆ. ಪೋಸ್ಟ್‌ಪೇಯ್ಡಿನಲ್ಲಿ 400 ರೂಪಾಯಿ ಅಂತ ಹೇಳಿದ ಪ್ಲಾನಿಗೆ 18 ಪರ್ಸೆಂಟ್ ಸೇರಿ ಬಿಲ್ ಬರುವುದು 472.

ಯುಪಿಐ ಆ್ಯಪುಗಳಲ್ಲಿ ಆಟೋಪೇ ಅಂತ ಕೇಳುತ್ತದೆ. ರೀಚಾರ್ಜಿಗೆ ಅದನ್ನು ಹಾಕಬೇಡ. ಮುಂಚೆಯೇ ದುಡ್ಡು ಕೊಡುವುದರ ಅರ್ಥವೇ ಪ್ರತಿ ಸಲ ನೀನು ಯೋಚಿಸಿ ಕೊಡುವುದು. ಕೇಳದ ಕಾಲರ್ ಟ್ಯೂನಿಗೋ ಆಟಕ್ಕೋ ಬ್ಯಾಲೆನ್ಸ್ ಕಟ್ಟಾದರೆ 155223ಕ್ಕೆ ಫೋನು ಮಾಡಿ ನಿಲ್ಲಿಸಬಹುದು. ಮಾರಾಟದ ಕರೆಗಳಿಗೆ 1909.

ನೀನು ಹೆಣ್ಣುಮಗಳು ಅಂತ ಇದೊಂದು ಹೇಳುತ್ತೇನೆ. ರೀಚಾರ್ಜ್ ಅಂಗಡಿಯಲ್ಲಿ ನಾಲ್ಕು ಜನರ ಎದುರಿಗೆ ನಂಬರನ್ನು ಗಟ್ಟಿಯಾಗಿ ಹೇಳಬೇಡ, ಅಲ್ಲಿನ ಪುಸ್ತಕದಲ್ಲಿ ಬರೆಸಬೇಡ. ಹುಡುಗಿಯರ ನಂಬರು ಅಲ್ಲಿಂದ ಬೇರೆಯವರ ಕೈ ಸೇರಿ ಕಾಟ ಶುರುವಾದದ್ದನ್ನು ನಾನು ಬಲ್ಲೆ. ನಿನ್ನ ಫೋನಿನಿಂದ ನೀನೇ ಹಾಕಿಕೋ.

ಸಿಮ್ ನಿನ್ನ ಹೆಸರಿನಲ್ಲಿರಲಿ. ಈಗ ಇರುವುದು ಅಪ್ಪನ ಆಧಾರಿನಲ್ಲಿ ಅಂತ ಗೊತ್ತು. ನಮ್ಮ ಕಡೆ ಹೆಣ್ಣುಮಕ್ಕಳ ನಂಬರು ಮೊದಲು ಅಪ್ಪನ ಹೆಸರಿನಲ್ಲಿ, ಆಮೇಲೆ ಗಂಡನ ಹೆಸರಿನಲ್ಲಿ ಇರುತ್ತದೆ. ಯಾರೂ ಅದನ್ನೊಂದು ವಿಷಯ ಅಂದುಕೊಳ್ಳುವುದಿಲ್ಲ. ಸಿಮ್ ಕಳೆದರೆ ಹೊಸದು ಕೇಳಲು, ಪೋರ್ಟ್ ಮಾಡಲು, ಎಲ್ಲಕ್ಕೂ ಹೆಸರಿದ್ದವರೇ ಬರಬೇಕು. ಬ್ಯಾಂಕು, ಪಿಎಫ್, ಆಧಾರ್, ಡಿಜಿಲಾಕರ್ ಎಲ್ಲಕ್ಕೂ ಆ ಒಂದೇ ನಂಬರಿಗೆ ಓಟಿಪಿ ಬರುತ್ತದೆ. ನಿನ್ನ ದುಡಿಮೆಯ ಬಾಗಿಲಿನ ಬೀಗದ ಕೈ ಅದು. ನಿನಗೆ ಹದಿನೆಂಟು ದಾಟಿದೆ, ಹೊರಡುವ ಮೊದಲು ಅಪ್ಪನ ಜೊತೆ ಕಂಪನಿಯ ಸ್ಟೋರಿಗೆ ಹೋಗಿ ಹೆಸರು ಬದಲಿಸಿಕೋ. ನಿನ್ನ ಹೆಸರಿನಲ್ಲಿ ಬೇರೆ ಯಾರಾದರೂ ಸಿಮ್ ತಗೊಂಡಿದ್ದಾರೆಯೇ ಅನ್ನುವುದನ್ನೂ ಸಂಚಾರ್ ಸಾಥಿ ತೋರಿಸುತ್ತದೆ. ಒಬ್ಬರ ಹೆಸರಿನಲ್ಲಿ ಒಂಬತ್ತರವರೆಗೆ ಇರಬಹುದು ಅಂತ ನಿಯಮ. ನಿನ್ನದಲ್ಲದ್ದು ಕಂಡರೆ ಅಲ್ಲೇ ತಿಳಿಸು.

ಆ ಸಿಮ್ಮಿಗೆ ಪಿನ್ ಹಾಕು. ಫೋನಿಗೆ ಹಾಕುವ ಲಾಕ್ ಬೇರೆ, ಸಿಮ್ಮಿನ ಪಿನ್ ಬೇರೆ. ಕದ್ದವನು ಸಿಮ್ ತೆಗೆದು ಇನ್ನೊಂದು ಫೋನಿಗೆ ಹಾಕಿಕೊಂಡರೆ ಓಟಿಪಿ ಅವನಿಗೇ ಹೋಗುತ್ತದೆ. ಪಿನ್ ಇದ್ದರೆ ಹೋಗುವುದಿಲ್ಲ. ಮೂರು ಸಲ ತಪ್ಪಿದರೆ ಪಿಯುಕೆ ಅನ್ನುವ ಇನ್ನೊಂದು ಕೋಡ್ ಕೇಳುತ್ತದೆ, ಅದನ್ನು ಊಹಿಸಿ ಹಾಕಬೇಡ, ಕಂಪನಿಯಿಂದಲೇ ಕೇಳಿ ತಗೋ. ಹತ್ತು ಸಲ ತಪ್ಪಿದರೆ ಸಿಮ್ಮೇ ಸತ್ತುಹೋಗುತ್ತದೆ. ಕೆವೈಸಿ ಮುಗಿದಿದೆ, ಇವತ್ತೇ ನಂಬರ್ ನಿಲ್ಲುತ್ತದೆ ಅಂತ ಹೆದರಿಸುವ ಕರೆ ಬಂದರೆ ಇಟ್ಟುಬಿಡು. ದುಡ್ಡು ಹೋದರೆ ನಾಚಿಕೊಂಡು ಕೂರಬೇಡ, ಆ ಕ್ಷಣವೇ 1930ಕ್ಕೆ ಫೋನು ಮಾಡು. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಪ್ಯಾಕ್ ಮುಗಿದಿದ್ದರೂ 112ಕ್ಕೆ ಕರೆ ಹೋಗುತ್ತದೆ. ರಾತ್ರಿ ಪಾಳಿ ಮುಗಿಸಿ ಬರುವಾಗ ನೆನಪಿರಲಿ.

ಪ್ರೀಪೇಯ್ಡಿಗೆ ಒಂದು ಕೊರತೆ ಇದೆ. ರೀಚಾರ್ಜ್ ಮಾಡದೆ ಬಿಟ್ಟರೆ ನಂಬರು ಕೈಬಿಟ್ಟು ಹೋಗುತ್ತದೆ. 90 ದಿನ ಕರೆ, ಮೆಸೇಜು, ಡೇಟಾ ಯಾವುದೂ ನಡೆಯದಿದ್ದರೆ ಸಂಪರ್ಕ ತೆಗೆದುಹಾಕಬಹುದು. ಆದರೆ 2013ರ ಟ್ರಾಯ್ ನಿಯಮದ ಪ್ರಕಾರ ಖಾತೆಯಲ್ಲಿ 20 ರೂಪಾಯಿ ಬ್ಯಾಲೆನ್ಸ್ ಇದ್ದರೆ ತೆಗೆಯುವ ಹಾಗಿಲ್ಲ. ಇದು ಪ್ಯಾಕಿನ ದುಡ್ಡಲ್ಲ, ಟಾಕ್‌ಟೈಮಿನದು. ಹಾಗಾಗಿ ಒಂದಿಷ್ಟು ಟಾಪ್‌ಅಪ್ ಯಾವಾಗಲೂ ಇರಲಿ. ತೆಗೆದುಹಾಕಿದ ನಂಬರನ್ನು ಕೆಲವು ಕಾಲದ ನಂತರ ಬೇರೆಯವರಿಗೆ ಕೊಡುತ್ತಾರೆ. ನಿನ್ನ ಬ್ಯಾಂಕಿನ ಮೆಸೇಜು ಗುರುತಿಲ್ಲದವರ ಕೈಗೆ ಹೋಗುವುದು ಆಗಲೇ. ಎಂದಾದರೂ ನಂಬರ್ ಬಿಡುವುದಾದರೆ ಮೊದಲು ಬ್ಯಾಂಕಿನಲ್ಲಿ, ಆಧಾರಿನಲ್ಲಿ, ವಾಟ್ಸಾಪಿನಲ್ಲಿ ಹೊಸದನ್ನು ಸೇರಿಸಿ ಆಮೇಲೆ ಬಿಡು.

ನಿನ್ನಮ್ಮನ ಬಟನ್ ಫೋನಿಗೂ ಡೇಟಾ ಇರುವ ಪ್ಯಾಕನ್ನೇ ಹಾಕಿಸುತ್ತಿದ್ದೀರಿ, ಅವಳು ಒಂದು ದಿನವೂ ಇಂಟರ್ನೆಟ್ ನೋಡಿದವಳಲ್ಲ. ಬರೀ ಮಾತು ಮತ್ತು ಮೆಸೇಜಿನ ಪ್ಯಾಕ್ ಇಡಲೇಬೇಕು ಅಂತ 2024ರ ಡಿಸೆಂಬರಿನಲ್ಲಿ ಟ್ರಾಯ್ ಹೇಳಿದೆ, ಅಂಥ ಪ್ಯಾಕಿನ ಅವಧಿಯನ್ನು 365 ದಿನದವರೆಗೂ ಏರಿಸಿದೆ. ಗೌರಿ ಹಬ್ಬಕ್ಕೆ ಬಂದಾಗ ಅವಳ ಕಂಪನಿಯಲ್ಲಿ ಯಾವುದಿದೆ ನೋಡಿ ಹಾಕಿಸಿಕೊಡು. ಅವಳ ಸಿಮ್ಮೂ ನಿನ್ನಪ್ಪನ ಹೆಸರಿನಲ್ಲೇ ಇದೆ, ಇಬ್ಬರನ್ನೂ ಆಧಾರ್ ಕಾರ್ಡ್ ಸಮೇತ ಸ್ಟೋರಿಗೆ ಕರೆದುಕೊಂಡು ಹೋಗು. ಶನಿವಾರ ಮಧ್ಯಾಹ್ನ ಜನ ಕಡಿಮೆ ಇರುತ್ತಾರೆ.

ನಿನ್ನ ದೊಡ್ಡಮ್ಮ